ಕಂಪ್ರೆಸರ್ ನಿಜವಾಗಿ ಹೋಗಿದೆಯಾ?

ಪ್ರಶ್ನೆ: ನಮ್ಮದು 2013ರಲ್ಲಿ ತಂದ 190 ಲೀಟರಿನ ಸಿಂಗಲ್ ಡೋರ್ ಫ್ರಿಜ್. ವಾರದಿಂದ ತಣ್ಣಗಾಗುತ್ತಿಲ್ಲ. ಒಳಗೆ ಲೈಟ್ ಉರಿಯುತ್ತದೆ. ಹಿಂದುಗಡೆ ಸ್ವಲ್ಪ ಗುಂಯ್ ಎಂದು, ಟಿಕ್ ಅಂತ ಸದ್ದಾಗಿ ನಿಲ್ಲುತ್ತದೆ. ಮೆಕ್ಯಾನಿಕ್ ಬಂದು ಕೇಳಿಸಿಕೊಂಡು, ‘ಕಂಪ್ರೆಸರ್ ಹೋಗಿದೆ, 7,000 ಆಗುತ್ತೆ’ ಅಂದರು. ಮಗ ಹೊಸದೇ ತರೋಣ ಅನ್ನುತ್ತಾನೆ. ಏನು ಮಾಡಲಿ?
– ಓದುಗರೊಬ್ಬರು, ಹೊನ್ನಾಳಿ ತಾಲ್ಲೂಕು

ಉತ್ತರ: ಎರಡನ್ನೂ ಈಗಲೇ ಮಾಡಬೇಡಿ ಅಮ್ಮ. ಆ ಟಿಕ್ ಸದ್ದು ಹೆಚ್ಚಾಗಿ ಓವರ್‌ಲೋಡ್ ಪ್ರೊಟೆಕ್ಟರ್‌ನದು. ಕಂಪ್ರೆಸರ್ ಶುರುವಾಗಲು ನೋಡುತ್ತದೆ, ಆಗುವುದಿಲ್ಲ, ಕರೆಂಟ್ ಜಾಸ್ತಿ ಎಳೆಯುತ್ತದೆ. ಸುಟ್ಟು ಹೋಗದಿರಲಿ ಎಂದು ಪ್ರೊಟೆಕ್ಟರ್ ಲೈನ್ ಕಡಿಯುತ್ತದೆ. ಶುರುವಾಗದೇ ಇರಲು ಕಂಪ್ರೆಸರ್ರೇ ಜಾಮ್ ಆಗಿರಬೇಕಿಲ್ಲ. ಅದನ್ನು ಶುರು ಮಾಡಿಸಲು ಪಕ್ಕಕ್ಕೇ ಸಿಕ್ಕಿಸಿರುವ ರಿಲೇ ಕೆಟ್ಟರೂ ಇದೇ ಸದ್ದು ಬರುತ್ತದೆ. ರಿಲೇ ಕೆಲವು ನೂರು ರೂಪಾಯಿಯ ಸಾಮಾನು. ಇಷ್ಟು ವರ್ಷ ಈ ಕೆಲಸ ಮಾಡಿದ ನನಗೆ, ಮೀಟರ್ ಹಿಡಿಯದೆ ಬರೀ ಕಿವಿಯಲ್ಲಿ ಕೇಳಿ ತೀರ್ಪು ಕೊಡುವುದು ಸರಿ ಕಾಣುವುದಿಲ್ಲ. ಕಂಪ್ರೆಸರ್‌ನ ಮೂರು ಪಿನ್‌ಗಳಿಗೆ ಮೀಟರ್ ಇಟ್ಟು ವೈಂಡಿಂಗ್ (ಒಳಗಿನ ತಂತಿ ಸುರುಳಿ) ನೋಡಲಿ, ಕಂಪ್ರೆಸರ್‌ನ ಹೊರಮೈಗೆ ಶಾರ್ಟ್ ಇದೆಯಾ ನೋಡಲಿ. ಆಮೇಲೆ ಬೇರೆ ರಿಲೇ ಹಾಕಿ ಓಡಿಸಲಿ. ಇದಕ್ಕೆ ಅರ್ಧ ಗಂಟೆ ಸಾಕು. ನೀವು ಪಕ್ಕದಲ್ಲಿ ನಿಂತು ನೋಡಿ, ಸಂಕೋಚ ಬೇಡ.

ನಿಮ್ಮ ಕಡೆ ಪಂಪ್‌ಸೆಟ್ ಓಡುವ ಹೊತ್ತಿಗೆ ವೋಲ್ಟೇಜ್ ಇಳಿಯುತ್ತದೆ ಅಲ್ವಾ? 180ಕ್ಕಿಂತ ಕೆಳಗೆ ಬಂದರೆ ಒಳ್ಳೆಯ ಕಂಪ್ರೆಸರ್ ಕೂಡ ಹೀಗೇ ಒದ್ದಾಡಬಹುದು. ಅದನ್ನೂ ಅಳೆಸಿ. ಹಾಗಿದ್ದರೆ ಬೇಕಿರುವುದು ಸ್ಟೆಬಿಲೈಸರ್. ಹೊಸ ಫ್ರಿಜ್ ತಂದರೂ ಅದು ಬೇಕಾಗಬಹುದು.

ಇಷ್ಟೆಲ್ಲ ನೋಡಿಯೂ ಕಂಪ್ರೆಸರ್ರೇ ಹೋಗಿದೆ ಎಂದಾದರೆ ನಾನು ನಿಮ್ಮ ಮಗನ ಕಡೆ. ಹೊಸ ಕಂಪ್ರೆಸರ್, ಫಿಲ್ಟರ್, ಗ್ಯಾಸ್ ಎಲ್ಲ ಹಾಕಿಸಿದರೂ ಥರ್ಮೋಸ್ಟಾಟ್, ಬಾಗಿಲಿನ ರಬ್ಬರ್, ಒಳಗಿನ ಪೈಪು ಹಳೆಯವೇ. ಅವು ಒಂದೊಂದಾಗಿ ಖರ್ಚಿಗೆ ಬರುತ್ತವೆ. ಸುಮಾರು 15,000ಕ್ಕೆ ಹೊಸ ಸಿಂಗಲ್ ಡೋರ್ ಸಿಗುವಾಗ ಅದರ ಅರ್ಧ ದುಡ್ಡನ್ನು ಹಳೆಯದಕ್ಕೆ ಹಾಕಬೇಡಿ. ಅಂಗಡಿಯಲ್ಲಿ ಬರೀ ಸ್ಟಾರ್ ಎಣಿಸಬೇಡಿ. ವರ್ಷಕ್ಕೆ ಎಷ್ಟು ಯೂನಿಟ್ ಅಂತ ಲೇಬಲ್ ಮೇಲೆಯೇ ಇರುತ್ತದೆ, ಅದನ್ನು ಹೋಲಿಸಿ ನೋಡಿ.

ಹೊಸದರ ಫ್ರೀಜರ್‌ನಲ್ಲಿ ಐಸ್ ಕಟ್ಟಿದರೆ ದಯವಿಟ್ಟು ಚಾಕು ಹಾಕಿ ಕೆರೆಯಬೇಡಿ. ಒಳಗಿನ ಅಲ್ಯೂಮಿನಿಯಂ ತಗಡು ತೂತಾಗಿ ಗ್ಯಾಸ್ ಹೋದ ಎಷ್ಟೋ ಫ್ರಿಜ್ ನನ್ನ ಹತ್ತಿರ ಬಂದಿವೆ. ಡಿಫ್ರಾಸ್ಟ್ ಬಟನ್ ಒತ್ತಿ, ತಾನಾಗಿ ಕರಗಲು ಬಿಡಿ.