ಎಂಎಸ್ಸಿ ಬಯೋಕೆಮಿಸ್ಟ್ರಿ ಮುಗಿದಿದೆ. ಕ್ಯಾನ್ಸರ್ ಮೇಲೆ ಪಿಎಚ್.ಡಿ. ಮಾಡಲು ಯಾವ ಮೈಕ್ರೋ ಆರ್‌ಎನ್‌ಎ ಆರಿಸಿಕೊಂಡರೆ ಒಳ್ಳೆಯದು?

ಪಿಎಚ್.ಡಿ. ಶುರು ಮಾಡುವಾಗ ನನ್ನ ತಲೆಯಲ್ಲೂ ಇದೇ ಪ್ರಶ್ನೆ ಇತ್ತು. ಮೈಕ್ರೋ ಆರ್‌ಎನ್‌ಎ ಎಂದರೆ ಬೇರೆ ಜೀನ್‌ಗಳ ಕೆಲಸವನ್ನು ತಗ್ಗಿಸುವ ಪುಟ್ಟ ಆರ್‌ಎನ್‌ಎ ಅಣು. ಸಿಎಲ್‌ಎಲ್ ಎಂಬ ರಕ್ತದ ಕ್ಯಾನ್ಸರ್‌ನಲ್ಲಿ ಎಷ್ಟೋ ರೋಗಿಗಳ 13ನೇ ಕ್ರೋಮೋಸೋಮಿನ ಒಂದು ತುಂಡು ಕಳೆದುಹೋಗಿರುತ್ತದೆ. ಮಿರ್-15, ಮಿರ್-16 ಎಂಬ ಮೈಕ್ರೋ ಆರ್‌ಎನ್‌ಎಗಳ ಜೀನ್‌ಗಳು ಇರುವುದು ಆ ತುಂಡಿನಲ್ಲೇ ಎಂದು ವಿಜ್ಞಾನಿ ಕಾರ್ಲೋ ಕ್ರೋಚೆ ಅವರ ತಂಡ 2002ರಲ್ಲಿ ತೋರಿಸಿತು. ಆಮೇಲೆ ಎಲ್ಲರೂ ಒಂದೊಂದು ಮೈಕ್ರೋ ಆರ್‌ಎನ್‌ಎ ಹಿಂದೆ ಬಿದ್ದರು. ನಾನೂ ಬಿದ್ದೆ.

ನಾನು ಆರಿಸಿದ್ದನ್ನು ಸ್ತನ ಕ್ಯಾನ್ಸರ್ ಕೋಶಗಳಿಗೆ ಹೊರಗಿನಿಂದ ಸೇರಿಸಿದೆ. ಬೆಳವಣಿಗೆ ನಿಂತಿತು. ಮತ್ತೆ ಮಾಡಿದರೂ ಅದೇ ಫಲ. ಥೀಸಿಸ್ ಪೂರ್ತಿ ಅದರ ಮೇಲೆಯೇ ಕಟ್ಟಿದೆ. ಪೇಪರ್ ಕಳಿಸಿದಾಗ ರಿವ್ಯೂವರ್ ಕೇಳಿದ್ದು ಇಷ್ಟೇ: ಒಂದು ಕೋಶದಲ್ಲಿ ಇದು ಸಹಜವಾಗಿ ಎಷ್ಟಿರುತ್ತದೆ? ತೆಗೆದುಹಾಕಿದರೆ ಏನಾಗುತ್ತದೆ?

ನಾನು ಅಳೆದೇ ಇರಲಿಲ್ಲ. ಅಳೆದಾಗ ಗೊತ್ತಾಯಿತು, ಕೋಶದಲ್ಲಿ ಇರುವುದಕ್ಕಿಂತ ನೂರಾರು ಪಟ್ಟು ಜಾಸ್ತಿ ಸುರಿದಿದ್ದೆ. ಮೈಕ್ರೋ ಆರ್‌ಎನ್‌ಎ ಒಂಟಿಯಾಗಿ ಕೆಲಸ ಮಾಡಲಾರದು, ಅದಕ್ಕೆ ಆರ್ಗೊನಾಟ್ ಪ್ರೋಟೀನ್ ಬೇಕು. ಕೋಶದಲ್ಲಿ ಆ ಪ್ರೋಟೀನ್‌ಗೆ ಮಿತಿ ಇದೆ. ಹೊರಗಿನದು ಅತಿಯಾದರೆ ಕೋಶದ ಸ್ವಂತ ಮೈಕ್ರೋ ಆರ್‌ಎನ್‌ಎಗಳಿಗೆ ಜಾಗ ಇರುವುದಿಲ್ಲ. ಬೆಳವಣಿಗೆ ನಿಂತದ್ದು ನನ್ನ ಅಣುವಿನಿಂದಲೋ, ಉಳಿದವು ಕೆಲಸ ಬಿಟ್ಟಿದ್ದರಿಂದಲೋ ಹೇಳುವ ಹಾಗೇ ಇರಲಿಲ್ಲ. ಆ ಮೈಕ್ರೋ ಆರ್‌ಎನ್‌ಎಯ ಜೀನ್ ತೆಗೆದು ನೋಡಿದೆ. ಕೋಶಗಳು ಮೊದಲಿನ ಹಾಗೇ ಬೆಳೆದವು. ಪೇಪರ್ ಬರಲೇ ಇಲ್ಲ. ಮುಂದಿನ ಫೆಲೋಶಿಪ್ಪೂ ಅದರ ಜೊತೆಗೇ ಹೋಯಿತು.

ಮಿರ್-34 ಕಥೆ ಓದಿ. ಅದು ಕ್ಯಾನ್ಸರ್ ತಡೆಯುವ ಪ್ರೋಟೀನ್ ಪಿ53ರ ಬಲಗೈ ಎಂದೇ ಹೆಸರಾಗಿತ್ತು. ಇಲಿಗಳಲ್ಲಿ ಆ ಕುಟುಂಬದ ಮೂರೂ ಜೀನ್ ತೆಗೆದರೂ ಪಿ53 ತನ್ನ ಕೆಲಸ ಮಾಡುತ್ತಲೇ ಇತ್ತು ಎಂದು 2012ರಲ್ಲಿ ವರದಿಯಾಯಿತು. ಮಿರ್-34 ಮಾದರಿಯಲ್ಲಿ ಮಾಡಿದ ಔಷಧ ಎಂಆರ್‌ಎಕ್ಸ್34ರ ಪ್ರಯೋಗವನ್ನು ರೋಗಿಗಳಲ್ಲಿ ರೋಗನಿರೋಧಕ ವ್ಯವಸ್ಥೆಯ ತೀವ್ರ ಅಡ್ಡಪರಿಣಾಮ ಕಂಡು 2016ರಲ್ಲಿ ನಿಲ್ಲಿಸಿದರು. ಅಲ್ಲಿ ರೋಗಿಗಳಿದ್ದರು, ಅದನ್ನು ಮರೆಯಬೇಡಿ.

ಹಾಗಾಗಿ ಯಾವ ಮೈಕ್ರೋ ಆರ್‌ಎನ್‌ಎ ಅಂತ ಕೇಳಲೇಬೇಡಿ. ಮೈಕ್ರೋ ಆರ್‌ಎನ್‌ಎಗೆ ಸಿಕ್ಕ 2024ರ ನೊಬೆಲ್ ನೋಡಿ ಬಂದಿದ್ದರಂತೂ ಇನ್ನೊಮ್ಮೆ ಯೋಚಿಸಿ. ಅದನ್ನು ಪಡೆದ ಆಂಬ್ರೋಸ್, ರವ್ಕನ್ ಇಬ್ಬರೂ ಮೈಕ್ರೋ ಆರ್‌ಎನ್‌ಎ ಹುಡುಕಿ ಹೊರಟವರಲ್ಲ. ಒಂದು ಸಣ್ಣ ಹುಳು ಸರಿಯಾದ ಹೊತ್ತಿಗೆ ಹೇಗೆ ಬೆಳೆಯುತ್ತದೆ ಎಂದು ಕೇಳಿದರು, ಮೈಕ್ರೋ ಆರ್‌ಎನ್‌ಎ 1993ರಲ್ಲಿ ಸಿಕ್ಕಿತು. ಅವರಿಗೆ ಪ್ರಶ್ನೆ ಮೊದಲು, ಅಣು ಆಮೇಲೆ.

ನಿಮಗೆ ಕಾಡುವ ಪ್ರಶ್ನೆ ಯಾವುದು? ಒಂದೇ ಔಷಧಕ್ಕೆ ಕೆಲವು ಗೆಡ್ಡೆ ಕರಗಿ ಕೆಲವು ಯಾಕೆ ಕರಗುವುದಿಲ್ಲ ಎನ್ನುವುದಾ? ಅದನ್ನು ಹಿಡಿದು ಲ್ಯಾಬ್ ಹುಡುಕಿ. ಬೆಂಗಳೂರೋ ವಿದೇಶವೋ, ನನಗೆ ಅದು ಎರಡನೇ ಮಾತು. ಸೇರುವ ಮುಂಚೆ ಅಲ್ಲಿನ ಸೀನಿಯರ್ ಒಬ್ಬರನ್ನು ಕಾಫಿಗೆ ಕರೆದು, ಗೈಡ್ ನಂಬಿದ್ದಕ್ಕೆ ವಿರುದ್ಧವಾದ ಫಲ ಬಂದಾಗ ಲ್ಯಾಬ್ ಮೀಟಿಂಗ್‌ನಲ್ಲಿ ಏನಾಯಿತು ಅಂತ ಕೇಳಿ. ಅವರು ಮಾತು ಬದಲಿಸಿದರೆ ಆ ಲ್ಯಾಬ್ ಬೇಡ.