ಖಾಲಿ ರಾಡಿನಿಂದ ಶುರು ಮಾಡಿ

ನಿಮಗೆ 36 ವರ್ಷ, ದಿನವಿಡೀ ಕುರ್ಚಿಯಲ್ಲೇ ಕೆಲಸ. ಎರಡು ಸಲ ಜಿಮ್ ಸೇರಿ ಎರಡು ಸಲವೂ ಬಿಟ್ಟಿದ್ದೀರಿ. ಯಾವ ರೊಟೀನ್ ಹಿಡಿಯಲಿ, ಅದಕ್ಕೆ ಹೊತ್ತು ಎಲ್ಲಿಂದ ತರಲಿ ಅಂತ ಕೇಳಿದ್ದೀರಿ. ನಾನು ಶುರು ಮಾಡಿದ್ದು 41ಕ್ಕೆ. ಈಗ ನಾಲ್ಕು ವರ್ಷವಾಯಿತು. ನನಗೆ ಕೆಲಸಕ್ಕೆ ಬಂದದ್ದನ್ನು ಹೇಳುತ್ತೇನೆ.

ವಾರಕ್ಕೆ ಮೂರೇ ದಿನ ಹೋಗಿ, ಪ್ರತಿ ಸಲವೂ ಇಡೀ ಮೈಗೆ ಕೆಲಸ ಕೊಡಿ. ಒಂದು ದಿನ ಎದೆ, ಒಂದು ದಿನ ಬೆನ್ನು, ಒಂದು ದಿನ ತೋಳು ಅಂತ ಆರು ದಿನಕ್ಕೆ ಹಂಚುವ ಪಟ್ಟಿ ಈಗಲೇ ಬೇಡ. ಅದರಲ್ಲಿ ಕಾಲಿನ ದಿನ ತಪ್ಪಿತು ಅಂದರೆ ಆ ವಾರ ಕಾಲಿಗೆ ಏನೂ ಇಲ್ಲ. ಮೂರು ದಿನದ್ದರಲ್ಲಿ ಒಂದು ತಪ್ಪಿದರೂ ಎರಡು ಸಲ ಆಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಲ್ಲೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ವಾರಕ್ಕೆ ಕನಿಷ್ಠ ಎರಡು ದಿನ ಬೇಕು ಅಂತಲೇ ಇದೆ.

ನಾನು ಹಿಡಿದದ್ದು ಐದು-ಐದರ ರೊಟೀನ್. ಐದು ಸೆಟ್, ಅಂದರೆ ನಡುವೆ ಬಿಡುವು ಕೊಟ್ಟು ಐದು ಸುತ್ತು, ಒಂದೊಂದರಲ್ಲೂ ಐದು ಸಲ. ಒಂದು ದಿನ ಸ್ಕ್ವಾಟ್ (ಹೆಗಲ ಮೇಲೆ ರಾಡ್ ಇಟ್ಟು ಕೂತು ಏಳುವುದು), ಬೆಂಚ್ ಪ್ರೆಸ್ (ಮಲಗಿ ರಾಡನ್ನು ಎದೆಯಿಂದ ಮೇಲಕ್ಕೆ ಒತ್ತುವುದು), ರೋ (ಬಗ್ಗಿ ರಾಡನ್ನು ಹೊಟ್ಟೆಯ ಕಡೆಗೆ ಎಳೆಯುವುದು). ಮರುಸಲ ಸ್ಕ್ವಾಟ್, ನಿಂತು ತಲೆಯ ಮೇಲಕ್ಕೆ ಎತ್ತುವ ಪ್ರೆಸ್, ಡೆಡ್‌ಲಿಫ್ಟ್ (ನೆಲದ ಮೇಲಿನ ರಾಡನ್ನು ಎತ್ತಿ ನೆಟ್ಟಗೆ ನಿಲ್ಲುವುದು). ಡೆಡ್‌ಲಿಫ್ಟ್ ಮಾತ್ರ ಒಂದೇ ಸೆಟ್. ಸ್ಕ್ವಾಟ್ ಅಂದರೆ ಹೆದರಬೇಡಿ, ನಮ್ಮ ಗರಡಿ ಮನೆಯ ಬಸ್ಕಿಗೆ ಹತ್ತಿರದ್ದೇ.

ಮೊದಲ ದಿನ ಖಾಲಿ ರಾಡ್. ಉದ್ದನೆಯ ಒಲಿಂಪಿಕ್ ರಾಡೇ 20 ಕೆಜಿ ಇರುತ್ತದೆ. ಪಕ್ಕದಲ್ಲಿ ಹುಡುಗರು 100 ಹಾಕಿಕೊಂಡು ಎತ್ತುತ್ತಿರುತ್ತಾರೆ, ನೋಡಿದರೆ ನಮಗೂ ಹಾಕೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ನಾನು ಮೊದಲು ಸೇರಿದ್ದ ಜಿಮ್ಮಿನಲ್ಲಿ ಎರಡನೇ ದಿನವೇ ಡೆಡ್‌ಲಿಫ್ಟ್‌ಗೆ 60 ಕೆಜಿ ಹಾಕಿಸಿದರು. ಸೊಂಟ ಹಿಡಿದುಕೊಂಡಿತು. ಹದಿನೈದು ದಿನ ಬಗ್ಗಿ ಶೂ ಲೇಸ್ ಕಟ್ಟಲು ಆಗಲಿಲ್ಲ. ನಿಮಗೆ ಬಿಪಿ ಅಥವಾ ಹಳೇ ಸೊಂಟ ನೋವು ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಮುಂದಿನ ಸಲ ಎರಡೂ ಕಡೆ 1.25 ಕೆಜಿಯ ಪುಟ್ಟ ಪ್ಲೇಟ್ ಸೇರಿಸಿ. ಐದೂ ಸೆಟ್ ಪೂರ್ತಿ ಬಂದರೆ ಮಾತ್ರ ಅದರ ಮುಂದಿನ ಸಲ ಇನ್ನೊಂದು 2.5. ಪ್ರತಿ ಸಲವೂ ಬರೆದಿಡಿ. ನನ್ನದು ಮಗಳ ಹಳೇ ಗಣಿತದ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳು. ಅದರಲ್ಲಿ ಒಂದು ಸಾಲು ಹೀಗಿದೆ: ‘ಸ್ಕ್ವಾಟ್ 52.5, 5 5 5 4 3’, ಅಂದರೆ ಕೊನೆಯ ಎರಡು ಸೆಟ್ ಪೂರ್ತಿ ಬರಲಿಲ್ಲ. ಅಂಥ ದಿನ ಬಂದರೆ ಮುಂದಿನ ಸಲವೂ ಅದೇ ತೂಕ. ಮೂರು ಸಲವೂ ಆಗದಿದ್ದರೆ ಹತ್ತರಲ್ಲಿ ಒಂದು ಭಾಗ ಇಳಿಸಿ ಮತ್ತೆ ಏರಿ. ನಾನು 60 ಮುಟ್ಟಲು ನಾಲ್ಕು ತಿಂಗಳು ಹಿಡಿಯಿತು. ಶುರುವಿನ ವಾರಗಳಲ್ಲಿ ಏರುವ ಬಲ ಹೆಚ್ಚಾಗಿ ನರಗಳು ಕೆಲಸ ಕಲಿತದ್ದರಿಂದ ಬಂದದ್ದು, ಮೈ ತುಂಬಿಕೊಳ್ಳುವುದು ಆಮೇಲೆ. ಅದಕ್ಕೇ ಕನ್ನಡಿ ಬಿಟ್ಟು ನೋಟ್‌ಬುಕ್ ನೋಡಿ ಅನ್ನುವುದು. ಮೂರು ತಿಂಗಳು ರೊಟೀನ್ ಬದಲಿಸಬೇಡಿ.

ಊಟದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹುರುಳಿ ಸಾರು, ಮೊಸರು, ಕಡಲೆಕಾಳು, ತಿನ್ನುವವರಾದರೆ ಮೊಟ್ಟೆ. ಪ್ರೋಟೀನ್ ಪೌಡರ್ ಇಲ್ಲದೆಯೂ ನಡೆಯುತ್ತದೆ.

ಇನ್ನು ಹೊತ್ತು. ನೀವು ಎರಡು ಸಲ ಬಿಟ್ಟಿದ್ದಕ್ಕೆ ರೊಟೀನಿಗಿಂತ ಇದೇ ಕಾರಣ ಇರಬೇಕು ಅನ್ನಿಸುತ್ತದೆ. ನಾನೂ ಸಂಜೆ ಹೋಗುತ್ತಿದ್ದೆ. ಆದರೆ ಸಂಜೆ ಅನ್ನುವುದು ನಮ್ಮ ಕೈಯಲ್ಲಿ ಇರುವುದಿಲ್ಲ, ಅಲ್ವಾ? ಆಫೀಸಿನ ಕಾಲ್, ಮಳೆ, ನೆಂಟರು, ಟ್ರಾಫಿಕ್. ಬೆಳಿಗ್ಗೆ ಆರಕ್ಕೆ ಬದಲಾಯಿಸಿದೆ. ಅದಕ್ಕಾಗಿ ರಾತ್ರಿ ಹತ್ತರ ಮೇಲೆ ಮೊಬೈಲ್ ನೋಡುವುದನ್ನು ಬಿಡಬೇಕಾಯಿತು. ಮನೆಯಲ್ಲೂ ಕೂತು ಮಾತಾಡಿದೆವು. ಸೋಮ, ಬುಧ, ಶುಕ್ರ ನಾನು ಜಿಮ್ಮಿಗೆ. ಮಂಗಳ, ಗುರು, ಶನಿ ನನ್ನ ಹೆಂಡತಿ ವಾಕಿಂಗಿಗೆ, ಆ ದಿನ ಮಕ್ಕಳ ಡಬ್ಬಿ ನನ್ನದು. ಈ ಒಪ್ಪಂದ ಇಲ್ಲದಿದ್ದರೆ ನಾನು ಮೂರನೇ ತಿಂಗಳಿಗೇ ನಿಲ್ಲಿಸಿಬಿಡುತ್ತಿದ್ದೆ. ನಿಮ್ಮ ಮನೆಯವರ ಜೊತೆಗೂ ಮೊದಲೇ ಮಾತಾಡಿ. ಊರಿಗೆ ಹೋದಾಗ, ಮದುವೆ ಮನೆಯಲ್ಲಿದ್ದಾಗ ಇಪ್ಪತ್ತು ನಿಮಿಷ ಬಸ್ಕಿ, ದಂಡ ಹೊಡೆದರೂ ಆಯಿತು. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಹಾಂ, ಓಡುವ ಶೂ ಹಾಕಿಕೊಂಡು ಸ್ಕ್ವಾಟ್ ಮಾಡಬೇಡಿ. ಮೆತ್ತನೆಯ ಅಡಿ ಭಾರಕ್ಕೆ ಅಲುಗುತ್ತದೆ. ಚಪ್ಪಟೆ ಅಡಿಯ ಕ್ಯಾನ್ವಾಸ್ ಶೂ ಸಾಕು.