ಕಣದ ಕಾಫಿ ನೆನೆದ ವರ್ಷವೂ ಸಂತೋಷಿಸಬೇಕೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಗಿರುವುದು ಮೂರು ಎಕರೆ ರೋಬಸ್ಟ ಕಾಫಿ. ಕೊಯ್ಲಿನ ಹೊತ್ತಿಗೇ ಅಕಾಲ ಮಳೆ ಸುರಿದು ಕಣದಲ್ಲಿದ್ದ ಕಾಫಿಗೆ ಬೂಷ್ಟು ಹಿಡಿಯಿತು. ಮೆಣಸಿನ ಬಳ್ಳಿಗಳನ್ನು ಸೊರಗು ರೋಗ ತಿಂದಿತು. ಚರ್ಚಿನಲ್ಲಿ ‘ಯಾವಾಗಲೂ ಸಂತೋಷಿಸಿರಿ’ ಎಂಬ ವಾಕ್ಯ ಓದಿದಾಗ ಸಂತೋಷ ಹಾಗಿರಲಿ, ಸಿಟ್ಟೇ ಬಂತು. ನನ್ನ ನಂಬಿಕೆಯಲ್ಲೇ ಏನಾದರೂ ದೋಷವಿದೆಯೇ?
— ಓದುಗರು, ಸುಂಟಿಕೊಪ್ಪ

ಉತ್ತರ: ಇಲ್ಲ. ಆ ವಾಕ್ಯ ಫಿಲಿಪ್ಪಿಯವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯದ್ದು. ಅದನ್ನು ಬರೆಯುವಾಗ ಅಪೊಸ್ತಲ ಪೌಲ ಸೆರೆಯಲ್ಲಿದ್ದ. ಮುಂದೆ ಬದುಕೋ ಸಾವೋ ಎಂಬುದೂ ತೀರ್ಮಾನವಾಗಿರಲಿಲ್ಲ. ಸೆರೆವಾಸ ಒಳ್ಳೆಯದೇ ಆಯಿತೆಂದು ನಟಿಸಿ ಎಂದು ಅವನು ಯಾರಿಗೂ ಹೇಳಲಿಲ್ಲ. ಅವನ ಸಂತೋಷ ಕ್ರಿಸ್ತನನ್ನು ನೆಚ್ಚಿಕೊಂಡಿತ್ತು, ಬಿಡುಗಡೆಯ ಸುದ್ದಿಯನ್ನಲ್ಲ.

ನಿಮ್ಮಂಥ ಬೆಳೆಗಾರರು ಓದಲೇಬೇಕಾದದ್ದು ಹಬಕ್ಕೂಕನ ಮೂರನೇ ಅಧ್ಯಾಯದ 17, 18ನೇ ವಚನಗಳು. ಅಂಜೂರ, ದ್ರಾಕ್ಷೆ, ಎಣ್ಣೆಮರ, ಹೊಲದ ಪೈರು, ಕುರಿಹಟ್ಟಿ, ಕೊಟ್ಟಿಗೆಯ ದನ, ಹೀಗೆ ಆರು ನಷ್ಟಗಳನ್ನು ಆ ಪ್ರವಾದಿ ಹೆಸರು ಹಿಡಿದು ಎಣಿಸುತ್ತಾನೆ. ‘ಆದರೂ ದೇವರಲ್ಲಿ ಉಲ್ಲಾಸಪಡುವೆ’ ಎನ್ನುವುದು ಆಮೇಲೆ. ಮುಂದಿನ ವರ್ಷ ಇಳುವರಿ ದುಪ್ಪಟ್ಟಾಯಿತೆಂದು ಆ ಪುಸ್ತಕ ಹೇಳುವುದಿಲ್ಲ. ಅದಕ್ಕೇ ಆ ಮಾತಿಗೆ ತೂಕ. ಕೊಡಗಿನ ಕ್ರೈಸ್ತರಿಗೆ ಇದೇನೂ ಹೊಸತಲ್ಲ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟದ್ದರಿಂದಲೇ 1792ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯ ಶುರುವಾಯಿತು. ಅಲ್ಲಿ ಮೊದಲು ಪೂಜೆಗೆ ನಿಂತವರೇ ಮನೆಮಠ ಕಳೆದುಕೊಂಡವರು.

ಈಗ ಮಾಡಬೇಕಾದದ್ದು. ಒಂದು ಹಾಳೆ ತೆಗೆದುಕೊಂಡು 13ನೇ ಕೀರ್ತನೆಯನ್ನು ಎದುರಿಗಿಟ್ಟುಕೊಳ್ಳಿ. ಅದರಲ್ಲಿರುವುದು ಆರೇ ವಚನ: ಮೊದಲ ಎರಡು ದೂರು, ನಡುವಿನ ಎರಡು ಬೇಡಿಕೆ, ಕೊನೆಯ ಎರಡು ಭರವಸೆ. ನೀವೂ ಅದೇ ಕ್ರಮದಲ್ಲಿ ಬರೆಯಿರಿ. ದೂರಿನ ಭಾಗದಲ್ಲಿ ‘ಕಷ್ಟವಾಗಿದೆ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಎಷ್ಟು ಮೂಟೆ ಹಾಳಾಯಿತು, ಎಷ್ಟು ಬಳ್ಳಿ ಸತ್ತವು, ಯಾವ ಸಾಲದ ಕಂತು ಬಾಕಿ, ಎಲ್ಲ ಬರಲಿ. ಬೇಡಿಕೆ ಒಂದೇ ಸಾಕು, ಅದೂ ಈ ವಾರದ್ದು. ಭರವಸೆಯ ಭಾಗಕ್ಕೆ ಮಾತು ಹೊರಡದಿದ್ದರೆ ಕೀರ್ತನೆಯ ಕೊನೆಯ ಎರಡು ವಚನಗಳನ್ನೇ ನಕಲು ಮಾಡಿ. ಇದನ್ನು ದಿನವೂ ಓದುವಾಗ ಮನಸ್ಸು ಒಪ್ಪದಿದ್ದರೂ ಪರವಾಗಿಲ್ಲ. ‘ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು’ ಎಂದ, ಅಸ್ವಸ್ಥ ಮಗನ ತಂದೆಯನ್ನು ಯೇಸು ಹಿಂದಕ್ಕೆ ಕಳಿಸಲಿಲ್ಲ (ಮಾರ್ಕ 9:24).

ಸಾಮಾನ್ಯವಾಗಿ ಎಡವುವುದು ಎಲ್ಲಿ? ದೂರು ಹೇಳುವುದು ಪಾಪವೆಂದು ಹೆದರಿ ನೇರವಾಗಿ ಸ್ತೋತ್ರಕ್ಕೆ ಹಾರುವಲ್ಲಿ. ದೇವರಿಗೆ ಹೇಳದ ಸಿಟ್ಟು ಮನೆಯವರ ಮೇಲೆ ಬೀಳುತ್ತದೆ. ಭರವಸೆ ಎಂದರೆ ಕೈಕಟ್ಟಿ ಕೂರುವುದೂ ಅಲ್ಲ. ಮೋಡ ಕಂಡರೆ ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಬೇಕು, ಮಳೆ ಬಿಟ್ಟ ಕೂಡಲೇ ತೆಗೆದು ಹರಡಬೇಕು. ಆ ಕೆಲಸಕ್ಕೆ ಪ್ರಾರ್ಥನೆ ಬದಲಿಯಾಗದು.

ಪ್ರಶ್ನೆ: ಸಿದ್ದಾಪುರದ ಹತ್ತಿರ ತೋಟದ ಲೈನ್ ಮನೆಯಲ್ಲಿದ್ದೇವೆ. ಬೆಳಿಗ್ಗೆ ಅಡುಗೆ, ಮಕ್ಕಳು, ಆಮೇಲೆ ತೋಟದ ಕೆಲಸ. ರಾತ್ರಿ ಬೈಬಲ್ ತೆರೆದರೆ ಕಣ್ಣು ಮುಚ್ಚುತ್ತದೆ. ದೇವರಿಗೆ ಸಮಯ ಕೊಡುವುದು ಹೇಗೆ?
— ಓದುಗಿ

ಉತ್ತರ: ಅಮ್ಮಾ, ಹತ್ತು ನಿಮಿಷ ಸಾಕು. ಒಂದು ಗಂಟೆ ಪ್ರಾರ್ಥಿಸುತ್ತೇನೆಂದು ಉಪವಾಸಕಾಲದಲ್ಲಿ ಹರಕೆ ಹೊತ್ತವರು ಎರಡನೇ ವಾರಕ್ಕೇ ಬಿಡುವುದುಂಟು.

ಬೆಳಿಗ್ಗೆ ಒಲೆಯ ಮೇಲೆ ನೀರು ಕಾಯುವ ಹೊತ್ತಿಗೆ ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿ, ಒಂದೊಂದು ಸಾಲಿಗೂ ನಿಲ್ಲಿಸಿ. ‘ಅನುದಿನದ ಆಹಾರ’ ಬಂದಾಗ ಇವತ್ತಿನ ಅಕ್ಕಿ, ಇವತ್ತಿನ ಕೂಲಿ. ‘ತಪ್ಪುಗಳನ್ನು ಕ್ಷಮಿಸು’ ಬಂದಾಗ ನಿನ್ನೆ ಮಾತಿಗೆ ಮಾತು ಬೆಳೆದವರ ಹೆಸರು. ನಾಳೆಯ ಚಿಂತೆಯನ್ನು ನಾಳೆಗೇ ಬಿಡಿ. ಅರಣ್ಯದಲ್ಲಿ ಇಸ್ರಾಯೇಲರಿಗೆ ಸಿಕ್ಕ ಮನ್ನ ಎಂಬ ಆಹಾರವೂ ಆಯಾ ದಿನಕ್ಕಷ್ಟೇ. ಕೂಡಿಟ್ಟದ್ದಕ್ಕೆ ಹುಳ ಬಿತ್ತು, ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡರಷ್ಟು (ವಿಮೋಚನಕಾಂಡ 16).

ರಾತ್ರಿಯದನ್ನು ಹಾಸಿಗೆಗೆ ಹೋಗುವ ಮೊದಲೇ, ಊಟದ ತಟ್ಟೆ ಎತ್ತುವ ಮುಂಚೆ ಮುಗಿಸಿ. 16ನೇ ಶತಮಾನದಲ್ಲಿ ಲೊಯೋಲದ ಸಂತ ಇಗ್ನೇಷಿಯಸ್ ಕಲಿಸಿದ ಆತ್ಮಪರಿಶೋಧನೆಯಲ್ಲಿ ಐದು ಹಂತ: ವಂದನೆ, ಬೆಳಕಿಗಾಗಿ ಬೇಡಿಕೆ, ದಿನದ ನೆನಪು, ಕ್ಷಮೆ, ನಾಳೆಗೊಂದು ನಿರ್ಧಾರ. ವಂದನೆಯೇ ಮೊದಲು ಬರಬೇಕು. ತಪ್ಪಿನಿಂದ ಶುರುಮಾಡಿದರೆ ಇಡೀ ಪ್ರಾರ್ಥನೆ ತನ್ನನ್ನೇ ಬೈದುಕೊಳ್ಳುವುದಾಗಿ ಮುಗಿಯುತ್ತದೆ. ‘ಎಲ್ಲಕ್ಕೂ ಸ್ತೋತ್ರ’ ಎಂದರೆ ಏನೂ ಹೇಳಿದಂತಲ್ಲ. ‘ಮಗಳ ಜ್ವರ ಇಳಿಯಿತು, ಆನೆ ದಾರಿಗೆ ಬರಲಿಲ್ಲ, ಪಕ್ಕದ ಮನೆ ಅಕ್ಕ ಸಾರು ಕೊಟ್ಟಳು’ ಎಂದು ಮೂರು ಸಂಗತಿ ಹೇಳಿ. ಮಕ್ಕಳಿಗೂ ಒಂದೊಂದು ಹೇಳಲು ಬಿಡಿ, ಅವರು ನಿಮಗೆ ಕಾಣದ್ದನ್ನು ಕಂಡಿರುತ್ತಾರೆ. ಕೆಲವು ವಾರ ಕಳೆದರೆ ಹಗಲಿನಲ್ಲೇ ‘ಇದನ್ನು ರಾತ್ರಿ ಹೇಳಬೇಕು’ ಎಂದು ಕಣ್ಣು ಹುಡುಕತೊಡಗುತ್ತದೆ. ಸಂತೋಷ ಬೇರೂರುವುದು ಅಲ್ಲೇ.

ಓದುವುದಕ್ಕೆ ಆದಿಕಾಂಡದಿಂದ ಶುರುಮಾಡಬೇಡಿ. ಹಾಗೆ ಹೊರಟ ಅನೇಕರು ಯಾಜಕಕಾಂಡದಲ್ಲಿ ನಿಂತುಬಿಡುತ್ತಾರೆ. ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು ಮಾರ್ಕನದು, 16 ಅಧ್ಯಾಯ; ದಿನಕ್ಕೆ ಅರ್ಧ ಅಧ್ಯಾಯದಂತೆ ಒಂದು ತಿಂಗಳ ಓದು. ಮಳೆಗಾಲದಲ್ಲಿ ಕರೆಂಟು ಹೋಗಿ ಮೊಬೈಲ್ ಸತ್ತಾಗ ಕೈಗೆ ಸಿಗುವಂತೆ ಅಚ್ಚಾದ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡಿ, ಇಲ್ಲವಾದರೆ ನಮ್ಮ ಶೀತಕ್ಕೆ ಹಾಳೆಗಳು ಅಂಟಿಕೊಳ್ಳುತ್ತವೆ. 23ನೇ ಕೀರ್ತನೆ ಬಾಯಿಪಾಠವಾದರೆ ಪುಸ್ತಕವೂ ಬೇಡ.

ಪ್ರಶ್ನೆ: ಯಜಮಾನರಿಗೆ ಡಯಾಲಿಸಿಸ್ ನಡೆಯುತ್ತಿದೆ. ‘21 ದಿನ ಉಪವಾಸ ಮಾಡಿ, ವಿಶೇಷ ಕಾಣಿಕೆ ಕೊಟ್ಟರೆ ಗುಣ ಖಂಡಿತ, ಆಗದಿದ್ದರೆ ನಿಮ್ಮ ವಿಶ್ವಾಸ ಸಾಲದು’ ಎಂದು ಒಬ್ಬರು ಹೇಳುತ್ತಿದ್ದಾರೆ.
— ಓದುಗಿ, ವಿರಾಜಪೇಟೆ

ಉತ್ತರ: ಒಪ್ಪಬೇಡಿ. ತಾನು ‘ದೇಹದ ಮುಳ್ಳು’ ಎಂದು ಕರೆದ ಬಾಧೆಯನ್ನು ತೆಗೆಯೆಂದು ಪೌಲ ಮೂರು ಸಲ ಬೇಡಿದ, ಅದು ಹೋಗಲಿಲ್ಲ. ಸಿಕ್ಕಿದ್ದು ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ (2 ಕೊರಿಂಥ 12). ಗೆತ್ಸೆಮನೆಯಲ್ಲಿ ಯೇಸುವೇ ‘ಈ ಪಾತ್ರೆ ನನ್ನಿಂದ ದಾಟಲಿ’ ಎಂದು ಬೇಡಿದರೂ ಶಿಲುಬೆ ತಪ್ಪಲಿಲ್ಲ. ಅವರಿಗೂ ವಿಶ್ವಾಸ ಕಡಿಮೆಯಿತ್ತೇ? ಗುಣಕ್ಕೆ ದರ ಕಟ್ಟಿ ಕಾಣಿಕೆ ಕೇಳುವವರಿಂದ ದೂರವಿರಿ.

ಗುಣವಾಗಲೆಂದು ಧೈರ್ಯವಾಗಿ ಬೇಡಿ, ಡಯಾಲಿಸಿಸ್ ಒಂದು ಸರದಿಯೂ ತಪ್ಪದಿರಲಿ. ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಲು ಸಭೆಯ ಹಿರಿಯರನ್ನು ಕರೆಸಿ ಎಂದು ಯಾಕೋಬನ ಪತ್ರ 5:14 ಹೇಳುತ್ತದೆ. ನಿಮ್ಮ ಫಾದರನ್ನೋ ಸಭಾಪಾಲಕರನ್ನೋ ಮನೆಗೆ ಕರೆಯಿರಿ, ಇದಕ್ಕೆ ಹಣವಿಲ್ಲ. ವೈದ್ಯರನ್ನು ಕೇಳದೆ ಯಜಮಾನರು ಉಪವಾಸ ಮಾಡಬಾರದು. ನೀವು ಮಾಡುವುದಾದರೂ ಒಂದು ಹೊತ್ತಿನದು ಸಾಕು, ರೋಗಿಯನ್ನು ನೋಡಿಕೊಳ್ಳುವವರಿಗೆ ಶಕ್ತಿ ಬೇಕು. ವಾರಕ್ಕೊಮ್ಮೆ ಆಸ್ಪತ್ರೆಗೆ ಜೊತೆ ಹೋಗಲು ಒಬ್ಬರು ಸಿಗುವರೇ ಎಂದು ಚರ್ಚಿನಲ್ಲಿ ಬಾಯಿಬಿಟ್ಟು ಕೇಳಿ. ನಿದ್ದೆ ಹತ್ತದೆ ಮನಸ್ಸು ಕುಸಿಯುತ್ತಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆಮಾಡಿ, ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಪ್ರಶ್ನೆ: ಕೊಯ್ಲಿನ ಕಾಲದಲ್ಲಿ ಭಾನುವಾರವೂ ಕೆಲಸ. ಪೂಜೆ ತಪ್ಪಿದರೆ ಪಾಪವೇ?
— ಓದುಗರು, ಸೋಮವಾರಪೇಟೆ

ಉತ್ತರ: ಕಥೋಲಿಕರಿಗೆ ಶನಿವಾರ ಸಂಜೆಯ ಬಲಿಪೂಜೆಯೂ ಭಾನುವಾರದ ಲೆಕ್ಕಕ್ಕೆ ಸೇರುತ್ತದೆ. ನಿಮ್ಮ ಚರ್ಚಿನಲ್ಲಿ ಅದಿದೆಯೇ ಎಂದು ಕೊಯ್ಲಿಗೆ ಮುಂಚೆಯೇ ವಿಚಾರಿಸಿ. ಇಲ್ಲದಿದ್ದರೆ ಫಾದರಿಗೆ ವಿಷಯ ತಿಳಿಸಿ, ವಿನಾಯಿತಿ ಕೊಡುವ ಅಧಿಕಾರ ಅವರಿಗಿದೆ. ತೋಟ ನಿಮ್ಮದೇ ಆದರೆ ಮಾತು ಬೇರೆ: ಕೆಲಸ ಒಂಬತ್ತು ಗಂಟೆಯ ಬದಲು ಹನ್ನೊಂದಕ್ಕೆ ಶುರುವಾಗಲಿ, ಆಳುಗಳೂ ಚರ್ಚಿಗೆ ಹೋಗಿ ಬರಲಿ.